ಅದುರುವ ಮೀನಖಂಡ, ಆಲಿಸುವ ಸೂಜಿ

ದೀಪ ಆರಿಸಿ ಮಲಗಿದ ಮೇಲೆ ಮೀನಖಂಡದಲ್ಲಿ ಚರ್ಮದಡಿ ಏನೋ ಪಟಪಟ ಮಿಡಿಯುತ್ತದೆ. ಅಲ್ಲಿ ನಿಂತರೆ ತೊಡೆಯಲ್ಲಿ ಶುರು. ರೆಪ್ಪೆ ಹೊಡೆದುಕೊಂಡರೆ ಎಡಗಣ್ಣೋ ಬಲಗಣ್ಣೋ ಎಂದು ಶಕುನ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಲು ಅದುರಿದರೆ ಮಾತ್ರ ಜನ ಮೊಬೈಲ್ ಎತ್ತಿಕೊಳ್ಳುತ್ತಾರೆ, ಸ್ವಲ್ಪ ಹುಡುಕಿದರೆ ಎಎಲ್‌ಎಸ್ ಎಂಬ ಹೆಸರು ಕಾಣುತ್ತದೆ. ಸ್ಟೀಫನ್ ಹಾಕಿಂಗ್ ಅವರಿಗೆ ಬಂದಿದ್ದ ಮೋಟಾರ್ ನ್ಯೂರಾನ್ ಕಾಯಿಲೆ ಅದು. ಅಲ್ಲಿಗೆ ಆ ರಾತ್ರಿಯ ನಿದ್ದೆ ಹೋಯಿತು. ಇಂಥವರನ್ನು ‘ನಿನಗೇನೂ ಆಗಿಲ್ಲ, ಸುಮ್ಮನಿರು’ ಎಂದು ಗದರಿದರೆ ಭಯ ಹೋಗುವುದಿಲ್ಲ, ಒಳಗೆ ಅಡಗುತ್ತದೆ ಅಷ್ಟೆ. ಸ್ನಾಯು ಯಾಕೆ ಅದುರುತ್ತದೆ, ವೈದ್ಯರ ಯಂತ್ರ ಅದರಲ್ಲಿ ಏನನ್ನು ಹುಡುಕುತ್ತದೆ ಎಂದು ಬಿಡಿಸಿ ಹೇಳಿದರೆ ಒಂದಿಷ್ಟಾದರೂ ಇಳಿದೀತು.

ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳಿವೆ. ಒಂದೊಂದು ಕೋಶದಿಂದಲೂ ಒಂದು ಎಳೆ ಹೊರಡುತ್ತದೆ. ಪಾದದ ಕಡೆಗೆ ಹೋಗುವ ಎಳೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಅದು ಸ್ನಾಯುವಿನೊಳಗೆ ಕವಲೊಡೆದು ಹಲವು ನಾರುಗಳನ್ನು ಮುಟ್ಟುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ಕೋಶದ ಪಾಲಿಗೆ ಹತ್ತಿಪ್ಪತ್ತು ನಾರು, ಮೀನಖಂಡದಲ್ಲಿ ಸಾವಿರಕ್ಕೂ ಮಿಕ್ಕಿ. ಕೋಶ, ಎಳೆ, ನಾರು ಸೇರಿದ ಈ ಗುಂಪೇ ಮೋಟಾರ್ ಯೂನಿಟ್. ಮಿದುಳು ಏನೂ ಹೇಳದಿದ್ದರೂ ಎಳೆ ತನ್ನಷ್ಟಕ್ಕೆ ಒಮ್ಮೆ ಕಿಡಿ ಹಾರಿಸಿದರೆ ಗುಂಪಿನ ನಾರುಗಳೆಲ್ಲ ಒಟ್ಟಿಗೆ ಸೆಟೆದು ಬಿಡುತ್ತವೆ. ಕಣ್ಣಿಗೆ ಕಾಣುವ ಮಿಡಿತ ಅದು, ಅದರ ಹೆಸರು ಫ್ಯಾಸಿಕ್ಯುಲೇಶನ್. ದಣಿವು, ನಿದ್ದೆಗೇಡು, ಮೇಲಿಂದ ಮೇಲೆ ಕಾಫಿ, ಅಭ್ಯಾಸವಿಲ್ಲದ ವ್ಯಾಯಾಮ, ಇಷ್ಟು ಸಾಕು ಅದಕ್ಕೆ. 1963ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೈದ್ಯಕೀಯ ಸಿಬ್ಬಂದಿಯನ್ನೇ ಕೇಳಿದಾಗ ಸುಮಾರು ಶೇ. 70 ಮಂದಿ ತಮಗೂ ಹೀಗಾಗುತ್ತದೆ ಎಂದಿದ್ದರು.

ಎಎಲ್‌ಎಸ್‌ನಲ್ಲಿ ಆಗುವುದು ಬೇರೆ. ಅಲ್ಲಿ ನರಕೋಶವೇ ಸಾಯುತ್ತದೆ, ಅದನ್ನು ನಂಬಿದ್ದ ನಾರುಗಳಿಗೆ ದಿಕ್ಕಿಲ್ಲದಂತಾಗುತ್ತದೆ. ಪಕ್ಕದಲ್ಲಿ ಬದುಕುಳಿದ ಎಳೆಗಳು ಹೊಸ ಕವಲು ಚಾಚಿ ಅವುಗಳಲ್ಲಿ ಕೆಲವನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತವೆ. ಹಾಗೆ ಕೆಲಕಾಲ ನಡೆಯುತ್ತದೆ. ಕೊನೆಗೆ ಆ ಎಳೆಗಳೂ ಸೋಲುತ್ತವೆ, ಸ್ನಾಯು ಸೊರಗುತ್ತದೆ, ಬಲ ಕುಂದುತ್ತದೆ. ಈ ಕಾಯಿಲೆಯಲ್ಲೂ ಸ್ನಾಯು ಅದುರುವುದುಂಟು. ಎಲ್ಲ ಗೊಂದಲಕ್ಕೂ ಮೂಲ ಇದೇ.

ಸ್ನಾಯುವಿನ ವಿದ್ಯುತ್ತನ್ನು ಸೂಜಿಯಿಂದ ಆಲಿಸುವ ಇಎಂಜಿ ಯಂತ್ರಕ್ಕೆ ಕೆಲಸ ಬರುವುದು ಇಲ್ಲಿ. 1929ರಲ್ಲಿ ವಿಜ್ಞಾನಿಗಳಾದ ಎಡ್ಗರ್ ಅಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ ಟೊಳ್ಳು ಸೂಜಿಯೊಳಗೆ ಒಂದು ತೆಳು ತಂತಿ ಇಟ್ಟು, ಸ್ನಾಯುವಿನ ವಿದ್ಯುತ್ತನ್ನು ಧ್ವನಿವರ್ಧಕಕ್ಕೆ ಜೋಡಿಸಿ ಕೇಳಿದರು. ಇಂದಿನ ಯಂತ್ರದಲ್ಲಿ ಪರದೆಯೂ ಕಂಪ್ಯೂಟರೂ ಬಂದಿವೆ, ಆದರೂ ಪಳಗಿದ ನರತಜ್ಞರು ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಸೂಜಿ ಚುಚ್ಚಿದ ಕ್ಷಣ ಚಿಟಪಟ ಸದ್ದು, ಆಮೇಲೆ ಮೌನ. ಸಡಿಲ ಬಿಟ್ಟ ಆರೋಗ್ಯವಂತ ಸ್ನಾಯು ಸಾಮಾನ್ಯವಾಗಿ ಹೀಗೆ ಸುಮ್ಮನಿರುತ್ತದೆ. ನಡುವೆ ಆಗೊಮ್ಮೆ ಈಗೊಮ್ಮೆ, ಲಯವಿಲ್ಲದೆ, ‘ಟಪ್’ ಎಂದರೆ ಅದು ಫ್ಯಾಸಿಕ್ಯುಲೇಶನ್. ದಿಕ್ಕಿಲ್ಲದ ಒಂಟಿ ನಾರುಗಳು ಒಂದೇ ಲಯದಲ್ಲಿ ಮಿಡಿಯುವ ಸದ್ದು ಬೇರೆಯೇ: ತಗಡಿನ ಮಾಡಿನ ಮೇಲೆ ಬೀಳುವ ಮಳೆಹನಿಯ ಹಾಗೆ. ಅದು ಫಿಬ್ರಿಲೇಶನ್. ಇವೆರಡನ್ನೂ ಬೇರೆಬೇರೆ ಎಂದು 1938ರಲ್ಲಿ ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದವರು ವೈದ್ಯರಾದ ಡೆನ್ನಿ-ಬ್ರೌನ್ ಮತ್ತು ಪೆನ್ನಿಬೇಕರ್.

ಹೆದರಿದವರು ತಿಳಿಯಲೇಬೇಕಾದ ಸಂಗತಿ ಇದು. ಫಿಬ್ರಿಲೇಶನ್ ಚರ್ಮದ ಮೂಲಕ ಕಾಣುವುದೂ ಇಲ್ಲ, ರೋಗಿಗೆ ಗೊತ್ತಾಗುವುದೂ ಇಲ್ಲ. ರಾತ್ರಿಯೆಲ್ಲ ಕಾವಲು ಕೂತು ಎಣಿಸುವ ಮಿಡಿತ, ನರತಜ್ಞರು ಸೂಜಿ ಹಾಕಿ ಮುಖ್ಯವಾಗಿ ಹುಡುಕುವ ಗುರುತೇ ಅಲ್ಲ. ಅವರು ನೋಡುವುದು ಮಿಡಿತದ ಸುತ್ತಮುತ್ತ: ಒಂಟಿ ನಾರುಗಳ ಸದ್ದಿದೆಯೇ, ಉಳಿದ ಗುಂಪುಗಳು ಊದಿಕೊಂಡು ಅವುಗಳ ಅಲೆ ದೊಡ್ಡದಾಗಿದೆಯೇ, ಕೈಕಾಲಿನ ಬಲ ನಿಜಕ್ಕೂ ಇಳಿದಿದೆಯೇ. ಇವ್ಯಾವುವೂ ಇಲ್ಲದೆ ಬರೀ ಅದುರುವುದಷ್ಟೇ ಇದ್ದ 121 ಮಂದಿಯನ್ನು ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 2ರಿಂದ 32 ವರ್ಷಗಳವರೆಗೆ ಗಮನಿಸಿ 1993ರಲ್ಲಿ ವರದಿ ಮಾಡಿದರು. ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬಂದಿರಲಿಲ್ಲ.

ಹಾಗಾದರೆ ಹೆದರಿದಷ್ಟೂ ಅದುರುವುದು ಹೆಚ್ಚುವುದೇಕೆ? ಗಾಬರಿಯಲ್ಲಿ ಉಸಿರಾಟ ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ರಕ್ತದಲ್ಲಿ ಬಿಡಿಯಾಗಿದ್ದ ಕ್ಯಾಲ್ಸಿಯಂ ಆಗ ಪ್ರೋಟೀನಿಗೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಬಿಡಿ ಕ್ಯಾಲ್ಸಿಯಂ ಕಡಿಮೆಯಾದರೆ ನರದ ಪೊರೆ ಸಣ್ಣ ನೆಪಕ್ಕೂ ಕಿಡಿ ಹಾರಿಸುತ್ತದೆ. ಇದರ ಜೊತೆಗೆ ನಿದ್ದೆಯಿಲ್ಲ, ಗಮನವೆಲ್ಲ ಕಾಲಿನ ಮೇಲೆಯೇ. ಆದ್ದರಿಂದ ಇದೆಲ್ಲ ಬರೀ ಕಲ್ಪನೆ ಎನ್ನುವುದು ತಪ್ಪು. ಮಿಡಿತ ನಿಜ, ಅದನ್ನು ಹೆಚ್ಚಿಸುವ ಭಯವೂ ನಿಜ.

ಬಲ ಕುಂದುವುದಕ್ಕೂ, ಕುಂದಿದಂತೆ ಅನ್ನಿಸುವುದಕ್ಕೂ ದೊಡ್ಡ ಅಂತರವಿದೆ. ಚಪ್ಪಲಿ ಜಾರಿಹೋಗುವಷ್ಟು ಪಾದ ಜೋತುಬೀಳುವುದು, ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದಿರುವುದು, ಮಾತು ತೊದಲುವುದು, ಒಂದು ಕೈ ಕಣ್ಣಿಗೆ ಕಾಣುವಂತೆ ಸೊರಗುವುದು: ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ನರತಜ್ಞರನ್ನು ಕಾಣಬೇಕು. ಹಾಕಿಂಗ್ ಅವರಲ್ಲೂ ಮೊದಮೊದಲು ಕಂಡದ್ದು ಎಡವಿ ಬೀಳುವುದು. 1963ರಲ್ಲಿ, 21ನೇ ವಯಸ್ಸಿನಲ್ಲಿ, ಅವರಿಗೆ ಕಾಯಿಲೆ ಪತ್ತೆಯಾಯಿತು. ಕಾಲು ಸೋತಂತೆ ಅನ್ನಿಸಿದರೂ ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಯಬಲ್ಲವರ ಕಥೆ ಬೇರೆ. ಅದನ್ನೇ ದಿನಕ್ಕೆ ಹತ್ತಾರು ಸಲ ಪರೀಕ್ಷಿಸಿದರೆ ಸ್ನಾಯು ದಣಿದು ಇನ್ನಷ್ಟು ಅದುರುತ್ತದೆ.

ನರತಜ್ಞರು ನೋಡಿ ಸರಿಯಿದೆ ಎಂದ ಮೇಲೂ ಹೆದರಿಕೆ ಬಿಡದಿದ್ದರೆ ಚಿಕಿತ್ಸೆ ಬೇಕಿರುವುದು ಹೆದರಿಕೆಗೆ. ಅದಕ್ಕೆ ಯೋಚನೆ, ವರ್ತನೆಗಳನ್ನು ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಇದೆ, ಬೇಕೆನಿಸಿದರೆ ಔಷಧವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಥೆರಪಿಯಲ್ಲಿ ಮನೆಯವರಿಗೂ ಕೆಲಸವಿರುತ್ತದೆ. ‘ಅಮ್ಮಾ, ಈ ಕಾಲು ಸಣ್ಣ ಆದಂಗಿದೆಯಾ ನೋಡು’ ಎಂದು ಮಗ ಮತ್ತೆ ಮತ್ತೆ ಕೇಳಿದಾಗ ಅಮ್ಮ ಪ್ರತಿಸಲವೂ ಮುಟ್ಟಿ ನೋಡಿ ಇಲ್ಲ ಎನ್ನುವುದನ್ನು ನಿಧಾನವಾಗಿ ಬಿಡಬೇಕಾಗುತ್ತದೆ, ಮಗನಿಗೆ ಮೊದಲೇ ಹೇಳಿ, ಅವನನ್ನೂ ಒಪ್ಪಿಸಿ.