ಬಾವಿಗೆ ಮುಪ್ಪು, ಬಾಗಿಲಿಗೆ ಕಾವಲು

ಸಂಜೆಯಾದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗ್ಯಾಸ್ ಒಲೆಗಳದ್ದೇ ಸದ್ದು. ಒಂದರ ಮೇಲೆ ಮಿರ್ಚಿ ಭಜಿ ಬಾಣಲೆ, ಮತ್ತೊಂದರ ಮೇಲೆ ಎಗ್‌ರೈಸ್ ತವೆ. ಅವಳಿನಗರದ ಹಲವು ಬಡಾವಣೆಗಳಿಗೆ ಈಗ ಅನಿಲ ಕೊಳವೆಯಲ್ಲೇ ಬರುತ್ತದೆ. ದಾಭೋಳದಿಂದ ಬೆಳಗಾವಿ, ಧಾರವಾಡದ ಮೇಲೆ ಬೆಂಗಳೂರಿಗೆ ಹೋಗುವ ಗೇಲ್ ಮಾರ್ಗ ಶುರುವಾದದ್ದು 2013ರಲ್ಲಿ. ಅನಿಲವೇನೋ ಬಂತು, ಅದನ್ನು ಕೊಡುವ ಬಾವಿಗಳು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆ ಬಾವಿಗಳಿಗೂ ಮುಪ್ಪುಂಟು. ಮುಂಬೈ ಕಡಲಿನ ಬಸ್ಸೀನ್ ಅನಿಲ ಕ್ಷೇತ್ರ ಪತ್ತೆಯಾಗಿದ್ದೇ 1976ರಲ್ಲಿ. ಹೊಸ ಬಾವಿಯಲ್ಲಿ ಒತ್ತಡ ಜೋರು. ಅನಿಲ ತನ್ನ ಜೊತೆಗಿನ ನೀರನ್ನೂ ಎಳೆದುಕೊಂಡು ಮೇಲೇರುತ್ತದೆ. ಒತ್ತಡ ಇಳಿದ ಮೇಲೆ ನೀರು ತಳದಲ್ಲೇ ನಿಂತು, ಅದರ ಭಾರಕ್ಕೆ ಅನಿಲದ ದಾರಿ ಕಟ್ಟುತ್ತದೆ. ಒಡಲಲ್ಲಿ ಅನಿಲ ಉಳಿದಿದ್ದರೂ ಬಾವಿ ಸತ್ತ ಹಾಗೆಯೇ. ಆಗ ಕಾಲು ಇಂಚಿನಷ್ಟು ಸಣ್ಣ ಉಕ್ಕಿನ ಕೊಳವೆಯನ್ನು ತಳದವರೆಗೆ ಇಳಿಸಿ ನೊರೆ ಬರಿಸುವ ರಾಸಾಯನಿಕ ಬಿಡುತ್ತಾರೆ. ನೊರೆಯಾದ ನೀರು ಹಗುರ, ಬಡಕಲು ಒತ್ತಡಕ್ಕೂ ಮೇಲೆದ್ದು ಬರುತ್ತದೆ. ತುಕ್ಕು ತಡೆಯುವ ದ್ರವಕ್ಕೂ ಅದೇ ದಾರಿ. ತುಕ್ಕೆಂದರೆ ಸಣ್ಣ ಸಂಗತಿಯಲ್ಲ: 2014ರ ಜೂನ್ 27ರಂದು ಆಂಧ್ರದ ನಗರಂ ಹಳ್ಳಿಯಲ್ಲಿ ತುಕ್ಕು ತಿಂದ ಅನಿಲ ಕೊಳವೆ ಒಡೆದು 20ಕ್ಕೂ ಹೆಚ್ಚು ಜನ ಸತ್ತರು.

ತೊಡಕಿರುವುದು ಬೇರೆ ಕಡೆ. ಕಡಲ ಬಾವಿಗಳ ಒಳಗೆ, ಕಡಲ ತಳಕ್ಕಿಂತಲೂ ಕೆಳಗೆ, ಒಂದು ಸುರಕ್ಷತಾ ಕವಾಟವಿರುತ್ತದೆ. ಮೇಲಿನಿಂದ ಹೈಡ್ರಾಲಿಕ್ ಎಣ್ಣೆ ಒತ್ತುತ್ತಿದ್ದರಷ್ಟೇ ಅದು ತೆರೆದಿರುತ್ತದೆ. ಕಡಲ ಮೇಲಿನ ಅಟ್ಟಣೆಗೆ ಬೆಂಕಿ ಬಿದ್ದು ಆ ಒತ್ತಡ ತಪ್ಪಿದರೆ, ಸ್ಪ್ರಿಂಗ್ ತಾನಾಗಿ ಕವಾಟ ಮುಚ್ಚುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. ಅಂಥ ಕವಾಟದ ನಡುವೆಯೇ ಮದ್ದಿನ ಕೊಳವೆ ಇಳಿಬಿಟ್ಟರೆ, ಬಾಗಿಲಿಗೆ ಕಾಲು ಅಡ್ಡ ಕೊಟ್ಟಂತೆ. ಇದಕ್ಕೆಂದೇ ಪಕ್ಕದಲ್ಲಿ ಸಣ್ಣ ಹಾದಿ ಕೊರೆದ ಕವಾಟಗಳು ಬಂದಿವೆ. ದ್ರವ ಬದಿಯಿಂದ ಇಳಿಯುತ್ತದೆ, ಕವಾಟ ಮುಚ್ಚಲು ಅಡ್ಡಿಯಿಲ್ಲ. ಕೊಳವೆಯ ಒಳಗೇ ಅನಿಲ ಹಿಂದಕ್ಕೆ ನುಗ್ಗದಂತೆ ಏಕಮುಖ ಕವಾಟವೂ ಬೇಕು. ಖರ್ಚು ಹೆಚ್ಚು, ಹೌದು.

ಆದರೆ ಸುರಕ್ಷತೆ ಬಿಟ್ಟ ಅಡ್ಡದಾರಿಯ ಖರ್ಚನ್ನು ಅಸ್ಸಾಮಿನ ಬಾಘಜಾನ್ ನೋಡಿದೆ. 2020ರ ಮೇ 27ರಂದು ಅಲ್ಲಿನ ಹಳೆಯ ಬಾವಿಯೊಂದರ ದುರಸ್ತಿಯ ನಡುವೆ, ಅನಿಲ ಚಿಮ್ಮದಂತೆ ತಡೆಯುವ ಸಾಧನವನ್ನು ಕಳಚಿದ ಮೇಲೆ, ಅನಿಲ ಹೊರನುಗ್ಗಿತು. ಜೂನ್ 9ರಂದು ಬೆಂಕಿ ಹೊತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಬಾವಿ ಹತೋಟಿಗೆ ಬಂದದ್ದು ನವೆಂಬರಿನಲ್ಲಿ.

ಮುದಿ ಬಾವಿಯಿಂದ ಇನ್ನಷ್ಟು ವರ್ಷ ಅನಿಲ ತೆಗೆಯುವುದು ತಪ್ಪಲ್ಲ. ಸುರಕ್ಷತಾ ಕವಾಟ ಮುಚ್ಚಲಾಗದಂತೆ ಮಾಡಿಯೇ ತೆಗೆಯಬೇಕೆಂದಾದರೆ, ಅಂಥ ಬಾವಿಯನ್ನು ಶಾಶ್ವತವಾಗಿ ಮುಚ್ಚಿಬಿಡುವುದೇ ಸರಿ.