ಅರಮನೆಯೊಳಗೊಂದು ಊರು

ಕ್ರೊವೇಷಿಯಾದ ಕಡಲತಡಿಯ ಸ್ಪ್ಲಿಟ್ ನಗರಕ್ಕೆ ರೋಮನ್ ಅರಮನೆ ನೋಡಲೆಂದು ಬಂದವರ ಕಣ್ಣಿಗೆ ಮೊದಲು ಬೀಳುವುದು ಮಹಡಿಯ ಕಿಟಕಿಗಳಾಚೆ ಒಣಗಲು ಹಾಕಿದ ಬಟ್ಟೆ. ಹದಿನೇಳು ಶತಮಾನ ಹಳೆಯ ಗೋಡೆಗೆ ಒತ್ತಿಕೊಂಡೇ ಮನೆಗಳಿವೆ. ಕಮಾನುಗಳನ್ನು ಮುಚ್ಚಿ ಕಿಟಕಿ ಇಟ್ಟುಕೊಂಡು ಜನ ಸಂಸಾರ ಮಾಡುತ್ತಿದ್ದಾರೆ. ಹೊರಬಾಗಿಲಲ್ಲಿ ಟಿಕೆಟ್ ಕೇಳುವವರಿಲ್ಲ. ಓಣಿಗಳಲ್ಲಿ ಸುಮ್ಮನೆ ಅಲೆದರೆ ಅರ್ಧ ಅರಮನೆ ನೋಡಿದಂತೆ.

ಕಟ್ಟಿಸಿದವನು ಚಕ್ರವರ್ತಿ ಡಯೊಕ್ಲೀಷಿಯನ್. ಕ್ರಿ.ಶ. 305ರಲ್ಲಿ ತಾನಾಗಿಯೇ ಪಟ್ಟ ಬಿಟ್ಟು ಇಲ್ಲಿಗೆ ಬಂದು ನೆಲೆಸಿದ. ಮತ್ತೆ ಅಧಿಕಾರ ವಹಿಸಿಕೊಳ್ಳಿ ಎಂದು ಕೇಳಿಕೊಂಡವರಿಗೆ, ನಾನು ಬೆಳೆದ ಕೋಸು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. 7ನೇ ಶತಮಾನದಲ್ಲಿ ಅವಾರರು, ಸ್ಲಾವರು ಪಕ್ಕದ ಸಲೋನಾ ಪಟ್ಟಣವನ್ನು ಹಾಳುಗೆಡವಿದಾಗ ಅಲ್ಲಿಯ ಜನ ಓಡಿಬಂದು ಈ ಗೋಡೆಗಳ ಒಳಗೆ ಸೇರಿಕೊಂಡರು. ಹೊರಗೆ ಹೋಗುವ ಮಾತೇ ಮತ್ತೆ ಬರಲಿಲ್ಲ. ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲದ ಅರಮನೆ ಹೀಗೆ ಊರಾಯಿತು. 1979ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಟ್ಟನಡುವೆ ಪೆರಿಸ್ಟೈಲ್ ಎಂಬ ಕಂಬಸಾಲಿನ ಅಂಗಳ. ಮೆಟ್ಟಿಲ ಮೇಲೆ ದಿಂಬು ಹಾಸಿಟ್ಟಿರುತ್ತಾರೆ. ಕಾಫಿ ಹೇಳಿ ಕುಳಿತರೆ ಈಜಿಪ್ಟಿನಿಂದ ತರಿಸಿದ ಕಪ್ಪು ಗ್ರಾನೈಟಿನ ಸ್ಫಿಂಕ್ಸ್ ಎದುರಿಗೇ ಇದೆ. ಪಕ್ಕದಲ್ಲೇ ಎಂಟು ಮೂಲೆಯ ಕಟ್ಟಡ. ಡಯೊಕ್ಲೀಷಿಯನ್ ತನಗಾಗಿ ಕಟ್ಟಿಸಿಕೊಂಡ ಸಮಾಧಿಯಿದು. ಕ್ರೈಸ್ತರನ್ನು ಬೇಟೆಯಾಡಿದ ಈ ದೊರೆ ಸಲೋನಾದ ಬಿಷಪ್ ಡೊಮ್ನಿಯಸ್‌ನನ್ನೂ ಕೊಲ್ಲಿಸಿದ್ದ. ಈಗ ಸಮಾಧಿಯೇ ಡೊಮ್ನಿಯಸ್ ಹೆಸರಿನ ಕೆಥೀಡ್ರಲ್! ಚಕ್ರವರ್ತಿಯ ಶವಪೆಟ್ಟಿಗೆ ಎಂದೋ ಕಾಣೆಯಾಯಿತು. ಅವನದೂ ಹೆಂಡತಿಯದೂ ಎನ್ನಲಾಗುವ ಮುಖಗಳು ಮಾತ್ರ ಒಳಗೋಡೆಯ ಎತ್ತರದ ಪಟ್ಟಿಯಲ್ಲಿ ಉಳಿದಿವೆ. ಗಂಟೆಗೋಪುರ ಹತ್ತುವ ಆತುರದಲ್ಲಿ ಹೆಚ್ಚಿನವರು ಬಾಗಿಲನ್ನು ಗಮನಿಸುವುದೇ ಇಲ್ಲ. 1214ರಲ್ಲಿ ಆಂದ್ರಿಯಾ ಬುವಿನಾ ಕೆತ್ತಿದ ಮರದ ಬಾಗಿಲದು. ಎರಡು ಕದಗಳಲ್ಲಿ ಕ್ರಿಸ್ತನ ಬದುಕಿನ 28 ಪ್ರಸಂಗಗಳು, ನಡುನಡುವೆ ಬಳ್ಳಿಯ ಹೆಣಿಗೆ. ನನ್ನ ಕೇಳಿದರೆ, ಗೋಪುರ ತಪ್ಪಿದರೂ ಬಾಗಿಲು ತಪ್ಪಬಾರದು.

ಅಂಗಳದಿಂದ ಕೆಳಗಿಳಿದರೆ ನೆಲಮಾಳಿಗೆ. ಮೇಲಿನ ಮನೆಗಳವರು ನೆಲಕ್ಕೆ ತೂತು ಕೊರೆದು ಶತಮಾನಗಟ್ಟಲೆ ಕಸ, ಕೊಳಚೆ ಎಲ್ಲವನ್ನೂ ಇದರೊಳಕ್ಕೆ ಸುರಿದರು. ಅದೇ ಒಳ್ಳೆಯದಾಯಿತು. ತುಂಬಿಹೋದ ಕೋಣೆಗಳನ್ನು ಯಾರೂ ಕೆಡವಲಿಲ್ಲ, ಬದಲಿಸಲಿಲ್ಲ. ಮೇಲೆ ದೊರೆಯ ವಾಸದ ಕೋಣೆಗಳು ಬಹುಪಾಲು ಅಳಿದಿದ್ದರೂ, ಅವುಗಳ ಅಳತೆಗೇ ಕಟ್ಟಿದ ಈ ಮಾಳಿಗೆಯಿಂದ ಅವು ಹೇಗಿದ್ದವೆಂದು ತಿಳಿಯುತ್ತದೆ. ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಣವಾದ ಮೇಲೆ ಇಲ್ಲಿ ಜನಜಂಗುಳಿ ಬೇರೆ.

ಉತ್ತರದ ಚಿನ್ನದ ಬಾಗಿಲಾಚೆ ಶಿಲ್ಪಿ ಇವಾನ್ ಮೆಶ್ಟ್ರೋವಿಚ್ ಮಾಡಿದ ಬಿಷಪ್ ಗ್ರೆಗರಿಯ ದೈತ್ಯ ಕಂಚಿನ ಪ್ರತಿಮೆ. ಕಾಲಿನ ಹೆಬ್ಬೆರಳು ಉಜ್ಜಿದರೆ ಅದೃಷ್ಟ ಖುಲಾಯಿಸುತ್ತದೆಂಬ ನಂಬಿಕೆಯಿಂದ ಅದೊಂದೇ ಬೆರಳು ಥಳಥಳಿಸುತ್ತದೆ. ಅಲ್ಲಿ ಸಾಲು ನಿಲ್ಲುವ ಬದಲು ಪೂರ್ವದ ಬೆಳ್ಳಿ ಬಾಗಿಲಾಚೆಯ ಸಂತೆಗೆ ಹೋಗಿ ಅಂಜೂರ ಕೊಳ್ಳುವುದು ಮೇಲು. ಮಧ್ಯಾಹ್ನಕ್ಕೆ ಹೋದರೆ ಪ್ರಯೋಜನವಿಲ್ಲ, ಬೆಳಿಗ್ಗೆಯೇ ಹೋಗಬೇಕು.

ದಿನ ಹೊಂದಿಸಿಕೊಳ್ಳಲು ಆಗುವುದಾದರೆ ಮೇ 7 ನೋಡಿಕೊಳ್ಳಿ. ಅಂದು ಡೊಮ್ನಿಯಸ್‌ನ ಹಬ್ಬ. ಮೆರವಣಿಗೆ ಹೊರಡುತ್ತದೆ, ಕಡಲದಂಡೆಯ ರೀವಾ ರಸ್ತೆಯಲ್ಲಿ ಜಾತ್ರೆ ಸೇರುತ್ತದೆ.