ಬಿಳಿ ಮರಳಿನ ಬೇಲಿ ಓತಿ

ಓತಿಕೇತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅಮೆರಿಕದಲ್ಲಿಯೂ ಬೇಲಿಯನ್ನೇರಿ ಬಿಸಿಲು ಕಾಯುವ ಓತಿಗಳುಂಟು. ಅಲ್ಲಿಯವರು ಅವನ್ನು ಬೇಲಿ ಓತಿಗಳೆಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಇವುಗಳ ಮೈ ಕಂದು ಇಲ್ಲವೆ ಬೂದು. ಆದರೆ ಒಂದು ಪಂಗಡದ ಮೈ ಮಾತ್ರ ಸುಣ್ಣ ಬಳಿದಂತೆ ಬಿಳಿಚಿಕೊಂಡಿರುತ್ತದೆ. ಇದಕ್ಕೆ ಕಾರಣವೇನು?

ಅದರ ನೆಲೆಯನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ನ್ಯೂ ಮೆಕ್ಸಿಕೊ ಸಂಸ್ಥಾನದ ವೈಟ್ ಸ್ಯಾಂಡ್ಸ್ ಎಂಬಲ್ಲಿ ಸುಮಾರು 275 ಚದರ ಮೈಲಿಗಳುದ್ದಕ್ಕೂ ಬಿಳಿಯ ಮರಳುದಿಬ್ಬಗಳು ಹಬ್ಬಿವೆ. ಇದು ನಮ್ಮ ಹೊಳೆಯ ಮರಳಲ್ಲ, ಜಿಪ್ಸಂ. ಸುತ್ತಲ ಬೆಟ್ಟಗಳ ಜಿಪ್ಸಂ ಮಳೆನೀರಿನಲ್ಲಿ ಕರಗಿ ತಗ್ಗಿಗೆ ಬರುತ್ತದೆ. ನೀರು ಆರಿದ ಮೇಲೆ ಹರಳಾಗಿ ಉಳಿಯುತ್ತದೆ. ಗಾಳಿ ಆ ಹರಳುಗಳನ್ನು ಪುಡಿಮಾಡಿ ದಿಬ್ಬವಾಗಿ ಒಟ್ಟುತ್ತದೆ. ಈ ದಿಬ್ಬಗಳ ವಯಸ್ಸು 10,000 ವರ್ಷಗಳೊಳಗೆ.

ನಮ್ಮ ಓತಿಕೇತ ನೋಡುನೋಡುತ್ತಲೇ ಬಣ್ಣ ಬದಲಿಸುತ್ತದೆ. ಈ ಓತಿಯ ಬಿಳುಪು ಹಾಗಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಮೈಗೆ ಕಪ್ಪು ಕೊಡುವ ಮೆಲನಿನ್ ಎಂಬ ದ್ರವ್ಯದ ತಯಾರಿಕೆಗೆ ಸಂಬಂಧಿಸಿದ ಒಂದು ಜೀನಿನಲ್ಲಿ ಆದ ಸಣ್ಣ ಬದಲಾವಣೆಯೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬಿಳಿಯ ನೆಲದ ಮೇಲೆ ಕಂದು ಓತಿ ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ. ಬಿಳಿಚಿದ್ದು ತಪ್ಪಿಸಿಕೊಂಡು ಮರಿಮಾಡುತ್ತದೆ. ತಲೆಮಾರುಗಳು ಕಳೆದಂತೆ ದಿಬ್ಬಗಳಲ್ಲಿ ಬಿಳಿಯವೇ ಹೆಚ್ಚಿದವು. ಓತಿ ಬೇಕೆಂದು ಬಣ್ಣ ಬದಲಿಸಲಿಲ್ಲ, ನೆಲ ಆರಿಸಿತು ಎನ್ನಬಹುದು.

1956ರಲ್ಲಿ ಲೋ ಮತ್ತು ನಾರಿಸ್ ಎಂಬ ವಿಜ್ಞಾನಿಗಳು ಇದನ್ನು ಕೌಲೆಸೈ ಎಂಬ ಉಪಜಾತಿಯಾಗಿ ಹೆಸರಿಸಿದರು. ಈಗ ಅದೇ ಹೆಸರಿನ ಜಾತಿಯಲ್ಲಿ ಸುತ್ತಲ ಸೀಮೆಯ ಕಂದು ಓತಿಗಳನ್ನೂ ಸೇರಿಸುವುದುಂಟು. ಬಣ್ಣ ಬೇರೆಯಾದರೂ ನೆಂಟಸ್ತನ ಅಷ್ಟು ಹತ್ತಿರ!

ವೈಟ್ ಸ್ಯಾಂಡ್ಸ್ 1933ರಿಂದ ಸಂರಕ್ಷಿತ ಸ್ಥಳ. 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ದಿಬ್ಬಗಳನ್ನು ಹಿಡಿದು ನಿಲ್ಲಿಸಿರುವುದು ಬೇಲಿಯಲ್ಲ, ನೆಲದೊಳಗಿನ ನೀರು. ಮರಳಿನ ಬುಡ ಸದಾ ತೇವವಾಗಿರುವುದರಿಂದಲೇ ಗಾಳಿ ಅದನ್ನು ಪೂರ್ತಿ ಹೊತ್ತೊಯ್ಯಲಾರದು. ಆ ನೀರು ಕೆಳಗಿಳಿದರೆ ಮರಳೂ ಜಾರೀತು. ಆಗ ಇಷ್ಟು ಕಾಲ ಓತಿಯನ್ನು ಕಾಪಾಡಿದ ಬಿಳುಪೇ ಕಂದು ನೆಲದ ಮೇಲೆ ಅದನ್ನು ಶತ್ರುವಿಗೆ ತೋರಿಸಿಕೊಡುತ್ತದೆ. ಓತಿ ಉಳಿಯಬೇಕಾದರೆ ಕಾಯಬೇಕಾದದ್ದು ಮೊದಲು ಆ ನೀರನ್ನು.